ತಿದ್ದಿದ ಮೂಗನ್ನು ಮರಳಿ ತಿದ್ದುವ ಧರ್ಮ

ಒಮ್ಮೆ ಶಸ್ತ್ರಚಿಕಿತ್ಸೆಗೆ ಒಳಗಾದ ಮೂಗು ವಿಕಾರಗೊಂಡರೆ, ಅದನ್ನು ಸರಿಪಡಿಸಿಕೊಳ್ಳಲು ಮತ್ತೊಮ್ಮೆ ಶಸ್ತ್ರಕ್ಕೆ ಒಡ್ಡುವುದು ಯುಕ್ತವೇ? ಈ ಪ್ರಶ್ನೆಯನ್ನು ಕೇಳಿದೊಡನೆ ಅನೇಕರು, “ಇದ್ದ ಮೂಗನ್ನು ಕೆಡಿಸಿಕೊಂಡವರು ಅದರ ಫಲವನ್ನು ಉಣ್ಣಲಿ” ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ತೀರ್ಪು ಸುಲಭವಾದುದು. ನ್ಯಾಯವಾದುದೇ ಎಂಬುದನ್ನು ವಿಚಾರಿಸಬೇಕಾಗಿದೆ.

ಮೊದಲು ಶಾಸ್ತ್ರವನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಛಿನ್ನವಾದ ನಾಸಿಕೆಯ ಸಂಧಾನಕ್ರಮವು ಹೇಳಲ್ಪಟ್ಟಿದೆ. ಮೂಗಿನ ಅಳತೆಯ ಎಲೆಯೊಂದನ್ನು ಪ್ರಮಾಣವಾಗಿಟ್ಟುಕೊಂಡು, ಅಷ್ಟು ಚರ್ಮವನ್ನು ಕೆನ್ನೆಯಿಂದ ಬಿಡಿಸಿ, ಮೂಗಿನ ಸ್ಥಾನದಲ್ಲಿ ಹೊಂದಿಸಿ ಬಂಧಿಸಬೇಕು. ಒಳಗೆ ಎರಡು ನಾಳಗಳನ್ನಿರಿಸಬೇಕು. ಆಚಾರ್ಯರು ಇಲ್ಲಿಗೇ ನಿಲ್ಲುವುದಿಲ್ಲ. ಗಾಯವು ಮಾಗಿದ ಮೇಲೆ ಮೂಗು ಕುಂದಿದ್ದರೆ ಬೆಳೆಯಿಸಲು ಯತ್ನಿಸಬೇಕೆಂದೂ, ಮಾಂಸವು ಅತಿಯಾಗಿ ಬೆಳೆದಿದ್ದರೆ ಸಮಗೊಳಿಸಬೇಕೆಂದೂ ವಿಧಿಸುತ್ತಾರೆ. ಆದುದರಿಂದ ಮೊದಲ ಕ್ರಿಯೆಯ ದೋಷವನ್ನು ಎರಡನೆಯ ಕ್ರಿಯೆಯಿಂದ ತಿದ್ದುವುದು ವೈದ್ಯನು ಕೈಗೊಂಡ ಕೆಲಸದ ಶೇಷಭಾಗವೇ ಆಗಿದೆ. ಕುಂದಿದುದನ್ನು ಕುರಿತು ‘ಯತ್ನಿಸಬೇಕು’ ಎಂದಷ್ಟೇ ಹೇಳಿ, ಸಿದ್ಧಿಯ ಭರವಸೆಯನ್ನು ಕೊಡದಿರುವುದೂ ಗಮನಾರ್ಹ.

ಈ ಎಚ್ಚರಕ್ಕೆ ಕಾರಣವಿದೆ. ಮೂಗಿನ ಆಕಾರವನ್ನು ಹಿಡಿದು ನಿಲ್ಲಿಸಿರುವುದು ಮೂಳೆ ಮತ್ತು ಮೃದ್ವಸ್ಥಿ. ಮೊದಲ ಚಿಕಿತ್ಸೆಯಲ್ಲಿ ಇವನ್ನು ಮಿತಿಮೀರಿ ತೆಗೆದಿದ್ದರೆ, ಉಸಿರೆಳೆದಾಗ ಮೂಗಿನ ಪಕ್ಕದ ಗೋಡೆಗಳು ಒಳಕ್ಕೆ ಕುಸಿದು ಶ್ವಾಸಮಾರ್ಗವು ಇಕ್ಕಟ್ಟಾಗುತ್ತದೆ. ಅದಕ್ಕೆ ಮತ್ತೆ ಆಧಾರ ಕಟ್ಟಲು ನಡುಗೋಡೆಯ ಮೃದ್ವಸ್ಥಿ ಸಾಲದಿದ್ದರೆ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ತರಬೇಕು. ಹಳೆಯ ಗಾಯದ ಗಡಸು ಕಲೆಯು ಕೆಲಸವನ್ನು ಕಠಿನಗೊಳಿಸುತ್ತದೆ. ಬಾವು ಪೂರ್ತಿ ಇಳಿಯಲು ಸಾಮಾನ್ಯವಾಗಿ 1 ವರ್ಷವಾದರೂ ಕಾಯಬೇಕೆಂದು ವೈದ್ಯರು ಹೇಳುತ್ತಾರೆ.

ಇಲ್ಲಿ ಇಬ್ಬರು ಆರ್ತರನ್ನು ಬೇರೆಬೇರೆಯಾಗಿ ನೋಡಬೇಕು. ಒಬ್ಬನಿಗೆ ಉಸಿರು ಕಟ್ಟುತ್ತದೆ, ಅಥವಾ ಎದುರಿಗೆ ಬಂದವರೆಲ್ಲ ದಿಟ್ಟಿಸುವಷ್ಟು ಮುಖವು ಕೆಟ್ಟಿದೆ. ಅವನಿಗೆ ಸಂತೃಪ್ತಿಯ ಉಪದೇಶ ಮಾಡುವುದು ಹಸಿದವನ ಮುಂದೆ ಉಪವಾಸದ ಮಹಿಮೆಯನ್ನು ಹೊಗಳಿದಂತೆ. ಮತ್ತೊಬ್ಬನ ಮೂಗಿನಲ್ಲಿ ಅನ್ಯರಿಗೆ ದೋಷವೇ ಕಾಣದು. ಅವನಾದರೋ ದಿನದ ಹಲವು ಗಳಿಗೆಗಳನ್ನು ಕನ್ನಡಿಯ ಮುಂದೆ ಕಳೆದು ಕೊರಗುತ್ತಾನೆ. ಇದನ್ನು ಇಂದಿನ ವೈದ್ಯವು ಮನೋವ್ಯಾಧಿಯೆಂದೇ ಗುರುತಿಸಿದೆ. ಇಂತಹವನಿಗೆ ಶಸ್ತ್ರದಿಂದ ಸಮಾಧಾನ ದೊರೆಯುವುದು ವಿರಳ. ಕಣ್ಣಿಗೆ ಪೊರೆ ಬಂದಿರಲು ಕನ್ನಡಿಯನ್ನು ಉಜ್ಜಿ ಫಲವೇನು? ಅವನ ನೋವೂ ನಿಜವೇ. ಚಿಕಿತ್ಸೆ ಮಾತ್ರ ಬೇರೆ.

ಇವರಿಬ್ಬರ ನಡುವೆ ಇರುವವರೇ ಹೆಚ್ಚು ಮಂದಿ. ಅವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದು ಇಷ್ಟೆ: “ಎಷ್ಟು ತಿದ್ದಿದರೆ ನಾನು ಸಾಕೆನ್ನುವೆನು?” ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರವುಳ್ಳವನು ಶಸ್ತ್ರಚಿಕಿತ್ಸೆಗೆ ಅರ್ಹನು. ಉತ್ತರವಿಲ್ಲದವನಿಗೆ ಎರಡನೆಯದು ಮೂರನೆಯದಕ್ಕೆ ದಾರಿಯಾಗುತ್ತದೆ. ಪ್ರತಿಯೊಂದು ಸಲವೂ ಎರವಲು ತರಬೇಕಾದ ಮೃದ್ವಸ್ಥಿಯ ಮೂಲವು ಬರಿದಾಗುತ್ತ ಹೋಗುತ್ತದೆ. ಆ ಉತ್ತರವನ್ನು ಹೊರಡಿಸುವುದು, ಇಲ್ಲದಿದ್ದಾಗ ಹಣದಾಸೆಯನ್ನು ಬಿಟ್ಟು “ಒಲ್ಲೆ” ಎನ್ನುವುದು ವೈದ್ಯನ ಧರ್ಮ.

ಉಳಿದುದು ನಮ್ಮ ಧರ್ಮ. ಮೊಂಡುಮೂಗು, ಗಿಣಿಮೂಗು ಎಂದು ಮಕ್ಕಳನ್ನು ಹೆಸರಿಟ್ಟು ಕರೆದವರು ಯಾರು? ಹೆಣ್ಣು ನೋಡಲು ಹೋಗಿ, ಮೂಗಿನ ನೆಪದಿಂದ ಸಂಬಂಧವನ್ನು ಬೇಡವೆಂದವರು ಯಾರು? ಮೊದಲನೆಯ ಶಸ್ತ್ರವನ್ನು ಹಿಡಿದುದು ಅನೇಕ ವೇಳೆ ನಮ್ಮ ನಾಲಗೆಯೇ. ಆ ನಾಲಗೆಯೇ ಇಂದು “ಫಲವನ್ನು ಉಣ್ಣಲಿ” ಎನ್ನುತ್ತಿದೆ. ಮೂಗನ್ನು ತಿದ್ದಿಕೊಳ್ಳಬೇಕೇ ಬೇಡವೇ ಎಂಬ ವಿಚಾರವನ್ನು ನೊಂದವರಿಗೂ ವೈದ್ಯರಿಗೂ ಬಿಟ್ಟು, ನಾವು ನಾಲಗೆಯನ್ನು ತಿದ್ದಿಕೊಳ್ಳುವುದು ಲೇಸು.