ಒಲೆಯೊಳಗಿನ ಕಾಲು

ರಾತ್ರಿ ನೋಡಿದ ದೆವ್ವದ ಸಿನಿಮಾವನ್ನು ಬೆಳಿಗ್ಗೆ ಎದ್ದು ಇನ್ನೊಮ್ಮೆ ನೆನೆಯಬೇಕು. ರಾತ್ರಿ ಅದು ಬರೀ ಭಯ. ಬೆಳಗಾಗಿ ಅಂಗಳಕ್ಕೆ ನೀರು ಬಿದ್ದು, ಹಾಲಿನವನು ಬಂದುಹೋಗಿ, ಆದವಾನಿ ಮಾರ್ಕೆಟ್ ಯಾರ್ಡಿನ ಕಡೆ ಹತ್ತಿ ತುಂಬಿದ ಗಾಡಿಗಳು ಹೊರಳುವ ಹೊತ್ತಿಗೆ ಭಯ ತಾನಾಗಿ ಇಳಿದಿರುತ್ತದೆ. ಆಮೇಲೂ ಮನಸ್ಸಿನಲ್ಲಿ ಏನು ಉಳಿದಿದೆಯೋ ಅದನ್ನು ಸಮಾಧಾನವಾಗಿ ನೋಡಲು ಈ ಹೊತ್ತೇ ಒಳ್ಳೆಯದು.

ನನ್ನಲ್ಲಿ ಉಳಿದಿರುವುದು ಒಂದು ಒಲೆ. ಬಿ. ವಿಠಲಾಚಾರ್ಯರ ತೆಲುಗು ಸಿನಿಮಾದ ದೆವ್ವ ಅಡುಗೆಗೆ ಕೂತಿದೆ. ಸೌದೆ ಇಲ್ಲ. ತನ್ನ ಎರಡೂ ಕಾಲು ನೀಡಿ ಒಲೆಯೊಳಗೆ ಇಡುತ್ತದೆ. ಕಾಲು ಧಗಧಗ ಉರಿಯುತ್ತದೆ, ಮೇಲೆ ಅಡುಗೆ ಬೇಯುತ್ತದೆ. ತೆಲುಗು ಬಲ್ಲ ಯಾರನ್ನು ಕೇಳಿದರೂ ಈ ದೃಶ್ಯ ಹೇಳುತ್ತಾರೆ, ಹೇಳುವಾಗ ನಗುತ್ತಾರೆ. ನಮ್ಮ ಅಜ್ಜಿ ಮಾತ್ರ ನಗುತ್ತಿರಲಿಲ್ಲ. “ಅಕಿ ದೆವ್ವ ಅಲ್ಲಪ್ಪಾ, ಸೊಸಿ. ಸತ್ತರೂ ಒಲಿ ಬಿಡಲಿಲ್ಲ ನೋಡು” ಅನ್ನುತ್ತಿದ್ದಳು.

ಈ ಮಾತಿನ ತೂಕ ನನಗೆ ತಿಳಿದದ್ದು ಬಹಳ ತಡವಾಗಿ. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಅಡುಗೆ ಮಾಡುವ ಸೊಸೆಯನ್ನು ಎಷ್ಟು ಸಂಸಾರದ ಸಿನಿಮಾಗಳಲ್ಲಿ ನೋಡಿಲ್ಲ! ನೋಡಿ ನೋಡಿ ಕಣ್ಣಿಗೆ ರೂಢಿಯಾಗಿ ಏನೂ ಅನ್ನಿಸದಂತಾಗಿತ್ತು. ನೆಟ್ಟಗಿನ ಕಥೆ ನೂರು ಸಲ ತೋರಿಸಿಯೂ ಕಾಣದೆ ಹೋದದ್ದನ್ನು ಈ ಸೊಟ್ಟ ಕಥೆ ಒಂದೇ ಸಲಕ್ಕೆ ಕಾಣಿಸಿತು. ಮನೆಯವರ ಹೊಟ್ಟೆ ತುಂಬಿಸಲು ಹೆಂಗಸು ಏನನ್ನು ಉರಿಸುತ್ತಾಳೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ಚಿತ್ರ ನನಗೆ ಗೊತ್ತಿಲ್ಲ. ಹಾಗೆ ಹೇಳಬೇಕೆಂಬ ಉದ್ದೇಶ ವಿಠಲಾಚಾರ್ಯರಿಗೆ ಇತ್ತೋ ಇಲ್ಲವೋ, ಬೆಳಗಿನ ಈ ಹೊತ್ತಿನಲ್ಲಿ ಆ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುವುದಿಲ್ಲ.

ಅವರು ನಮ್ಮವರೇ. 1920ರಲ್ಲಿ ಉಡುಪಿ ಹತ್ತಿರದ ಉದ್ಯಾವರದಲ್ಲಿ ಹುಟ್ಟಿದವರು. ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿಗೆ ಕೈಹಾಕಿ, ಡಿ. ಶಂಕರ್ ಸಿಂಗ್ ಜೊತೆ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ಕನ್ನಡದ ‘ನಾಗಕನ್ನಿಕಾ’, 1951ರ ‘ಜಗನ್ಮೋಹಿನಿ’ ಆ ಮನೆಯಿಂದ ಬಂದವು. ಆಮೇಲೆ ಐವತ್ತರ ದಶಕದ ನಡುವೆ ತೆಲುಗಿಗೆ ಹೋಗಿ ಅಲ್ಲಿಯೇ ನಿಂತರು. 1953ರಲ್ಲಿ ನಮ್ಮ ಆದವಾನಿ, ಆಲೂರು ತಾಲೂಕುಗಳೂ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಹೆಚ್ಚೂಕಡಿಮೆ ಒಂದೇ ಕಾಲಕ್ಕೆ ಅವರೂ ನಾವೂ ಆಚೆಗೆ ಹೋದೆವು. 1978ರಲ್ಲಿ ಅವರು ತೆಲುಗಿನಲ್ಲೂ ‘ಜಗನ್ಮೋಹಿನಿ’ ಎಂಬ ಹೆಸರಿನ ಸಿನಿಮಾ ಮಾಡಿದಾಗ ಜಯಮಾಲಿನಿಯ ಮೋಹಿನಿಯನ್ನು ನೋಡಲು ಊರೂರೇ ಎದ್ದು ಹೋಯಿತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಮಗ್ಗುಲ ಓಣಿಯಲ್ಲಿ ಉರ್ದು ಕೇಳುವ ನಮ್ಮ ಊರಿನಲ್ಲಿ ದೆವ್ವಕ್ಕೆ ಹೆದರುವ ಭಾಷೆ ಮಾತ್ರ ಒಂದೇ. ಕಿರುಚಾಟಕ್ಕೆ ಅನುವಾದ ಬೇಕಿಲ್ಲ.

ಆ ಸಿನಿಮಾಗಳಲ್ಲಿ ಟ್ರಿಕ್ಕು ಕಾಣುತ್ತದೆ, ನಿಜ. ಗುಹೆ ಬಣ್ಣ ಬಳಿದದ್ದೆಂದು ಗೊತ್ತಾಗುತ್ತದೆ, ಕೋರೆಹಲ್ಲು ಅಂಟಿಸಿದ್ದು ಗೊತ್ತಾಗುತ್ತದೆ. ನನಗೆ ಅದೇ ಪ್ರೀತಿ. ಯಾರೋ ಕೂತು ಕೈಯಾರೆ ಮಾಡಿದ ಭಯ ಅದು, ಮಾಡಿದವರ ಬೆರಳಿನ ಗುರುತು ಅದರ ಮೇಲಿದೆ.

ವಿಠಲಾಚಾರ್ಯರ ಮೋಹಿನಿ ಬರುವ ಒಂದು ವರ್ಷ ಮೊದಲು, 1977ರಲ್ಲಿ, ಜಪಾನಿನಲ್ಲಿ ನೊಬುಹಿಕೊ ಒಬಯಾಶಿ ‘ಹೌಸು’ ಎಂಬ ಸಿನಿಮಾ ಮಾಡಿದರು. ಅದರಲ್ಲಿ ಪಿಯಾನೊ ಒಂದು ಹುಡುಗಿಯ ಬೆರಳು ಕಚ್ಚಿ, ಆಮೇಲೆ ಅವಳನ್ನೇ ನುಂಗುತ್ತದೆ. ನಿನಗೆ ಯಾವುದು ಕಂಡರೆ ಭಯ ಎಂದು ಒಬಯಾಶಿ ತಮ್ಮ ಪುಟ್ಟ ಮಗಳನ್ನೇ ಕೇಳಿ, ಅವಳು ಹೇಳಿದ್ದನ್ನು ಹಾಗೇ ತೆಗೆದುಕೊಂಡಿದ್ದರು. ವಿಮರ್ಶಕರಿಗೆ ಹಿಡಿಸಲಿಲ್ಲ, ಹುಡುಗ ಹುಡುಗಿಯರು ಮುಗಿಬಿದ್ದರು. ಮೂವತ್ತು ವರ್ಷ ಕಳೆದ ಮೇಲೆ ಅಮೆರಿಕದ ಥಿಯೇಟರುಗಳಲ್ಲಿ ಅದಕ್ಕೆ ಎರಡನೆಯ ಜನ್ಮ ಬಂತು. ಅಲ್ಲಿ ಪಿಯಾನೊ, ಇಲ್ಲಿ ಒಲೆ. ಎರಡು ಕಡೆಯೂ ಭಯ ಹುಟ್ಟಿದ್ದು ಮನೆಯೊಳಗಿನ ಸಾಮಾನಿನಿಂದ, ದಿನಾ ಮುಟ್ಟುವ ವಸ್ತುವಿನಿಂದ.

ವಿಚಿತ್ರವನ್ನು ಹೊರಗೆ ನಿಲ್ಲಿಸದೆ ಒಳಗೆ ಕರೆದ ಸೀಮೆ ನಮ್ಮದು. ಮಂತ್ರಾಲಯ ಆದವಾನಿಗೆ ಹತ್ತಿರದ ಊರು. ಅಲ್ಲಿನ ಗುರು ರಾಘವೇಂದ್ರ ರಾಯರನ್ನು ಪರೀಕ್ಷಿಸಲು ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ತಟ್ಟೆಯಲ್ಲಿ ಮಾಂಸವಿಟ್ಟು ಬಟ್ಟೆ ಮುಚ್ಚಿ ತಂದನಂತೆ, ಬಟ್ಟೆ ಸರಿಸಿದರೆ ಹಣ್ಣು ಇದ್ದವಂತೆ. ರಾಯರು ಬೃಂದಾವನಸ್ಥರಾದದ್ದು 1671ರಲ್ಲಿ. ನೂರಮೂವತ್ತು ವರ್ಷದ ಮೇಲೆ ಕಲೆಕ್ಟರ್ ಥಾಮಸ್ ಮನ್ರೋ ಬಂದು ಬೃಂದಾವನದ ಮುಂದೆ ನಿಂತು ಯಾರ ಜೊತೆಗೋ ಮಾತಾಡಿದನೆಂದೂ, ಜೊತೆಗಿದ್ದವರಿಗೆ ಯಾರೂ ಕಾಣಲಿಲ್ಲವೆಂದೂ ಹೇಳುತ್ತಾರೆ. ಭಕ್ತರಿಗೆ ಇದು ಕೃಪೆ, ಇದನ್ನು ದೆವ್ವದ ಕಥೆಯ ಪಕ್ಕಕ್ಕಿಡಲು ನನಗೂ ಮನಸ್ಸಿಲ್ಲ. ಕೇಳುವವನು ಮಾಡಬೇಕಾದ ಕೆಲಸ ಮಾತ್ರ ಎರಡು ಕಡೆಯೂ ಒಂದೇ: ಲೆಕ್ಕಕ್ಕೆ ಸಿಗದ್ದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು. ಊರೊಳಗಿನ ಅವಧೂತೆ ಲಕ್ಷ್ಮಮ್ಮವ್ವನನ್ನೂ ಮೊದಲು ಹುಚ್ಚಿ ಅಂದವರು ಇದ್ದರು. ಈಗ ಅವಳ ತೇರು ಎಳೆಯುತ್ತೇವೆ.

ದೆವ್ವದ ಸಿನಿಮಾ ನೋಡಿದರೆ ಮಕ್ಕಳು ಕೆಡುತ್ತಾರೆ, ಮನಸ್ಸು ಕ್ರೂರವಾಗುತ್ತದೆ ಅನ್ನುವವರ ಮಾತನ್ನು ಗೌರವದಿಂದಲೇ ಕೇಳುತ್ತೇನೆ, ಒಪ್ಪುವುದಿಲ್ಲ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವಕ್ಕೆ ಬಡಿಗೆಗಳು ಆಡುತ್ತವೆ, ತಲೆ ಒಡೆದವರನ್ನು ಬೆಳಗಿನ ಜಾವ ಆಲೂರು, ಆದವಾನಿ ಆಸ್ಪತ್ರೆಗೆ ತರುತ್ತಾರೆ. ಅದು ನಿಜವಾದ ರಕ್ತ. ತೆರೆಯ ಮೇಲಿನ ಬಣ್ಣದ ನೀರು ಯಾರ ತಲೆಯನ್ನೂ ಒಡೆದಿಲ್ಲ. ಅದರ ಮುಂದೆ ಕೂತವನು ಪಕ್ಕದವನ ಕೈ ಹಿಡಿದುಕೊಳ್ಳುತ್ತಾನೆ, ಅಷ್ಟೇ. ಗುರುತು ಪರಿಚಯ ಇಲ್ಲದವರ ಕೈಯನ್ನು ನಾಚಿಕೆಯಿಲ್ಲದೆ ಹಿಡಿಯುವ ಜಾಗ ಬೇರೆ ಎಲ್ಲಿದೆ?

ಈಗ ಎಲ್ಲರೂ ಫೋನಿನಲ್ಲಿ ಒಬ್ಬೊಬ್ಬರೇ ನೋಡುತ್ತೇವೆ. ಆದರೂ 2018ರಲ್ಲಿ ಥಿಯೇಟರಿನಿಂದ ಬೇಗ ಇಳಿದುಹೋದ ‘ತುಂಬಾಡ್’ 2024ರಲ್ಲಿ ಮತ್ತೆ ಬಂದಾಗ ಮೊದಲಿಗಿಂತ ಹೆಚ್ಚು ಜನ ಹೋಗಿ ಕೂತರು. ಫೋನಿನಲ್ಲಿ ನೋಡಿದ್ದವರೂ ಹೋದರು. ನನಗೆ ಅದು ಸಂತೋಷದ ಸುದ್ದಿ.

1979ರ ‘ನಾ ನಿನ್ನ ಬಿಡಲಾರೆ’ಯನ್ನು ಈ ವಾರ ಮತ್ತೆ ನೋಡಬೇಕೆಂದಿದ್ದೇನೆ. ಅನಂತನಾಗ್ ದೇಹದೊಳಗೆ ಸತ್ತ ಹೆಣ್ಣೊಬ್ಬಳು ಹೊಕ್ಕು ಕೂರುವ, ಕೊನೆಗೆ ರಾಯರ ಮೊರೆಹೋಗುವ ಆ ಕಥೆಯನ್ನು ಚಿಕ್ಕವನಿದ್ದಾಗ ಬರೀ ಗಂಡನ ಕಡೆಯಿಂದ ನೋಡಿದ್ದೆ: ದೆವ್ವ ಯಾವಾಗ ಬಿಟ್ಟುಹೋಗುತ್ತದೆ ಎಂಬುದಷ್ಟೇ ಆಗ ನನ್ನ ಕಾತರ. ಸತ್ತ ಮೇಲಾದರೂ ತನ್ನ ಮಾತು ಯಾರಾದರೂ ಕೇಳಲಿ ಎಂದು ಹಟ ಹಿಡಿದ ಆ ಕಾಮಿನಿಯ ಕಡೆಗೆ ತಿರುಗಿಯೂ ನೋಡಿರಲಿಲ್ಲ. ಈ ಸಲ ಅತ್ತಿಗೆಯರನ್ನೂ ತಂಗಿಯನ್ನೂ ಕೂಡಿಸಿಕೊಂಡು ನೋಡುತ್ತೇನೆ. ಅವಳ ಬಗ್ಗೆ ಅವರು ಏನನ್ನುತ್ತಾರೋ ಕೇಳಬೇಕು.