ಹೋದವರ ಉಳಿ-ಸುತ್ತಿಗೆ: ಇಡುವುದೋ, ಕೊಡುವುದೋ?

ಪ್ರಶ್ನೆ: ನಮ್ಮ ಯಜಮಾನರು ಹೋಗಿ ಏಳು ತಿಂಗಳಾಯಿತು. ನಿವೃತ್ತರಾದ ಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ಮರಗೆಲಸ, ರಿಪೇರಿ ಅಂತ ಇಡೀ ದಿನ ಕಳೆಯುತ್ತಿದ್ದರು. ಉಳಿ, ಗರಗಸ, ಡ್ರಿಲ್ ಮಷಿನ್, ಡಬ್ಬಿಗಟ್ಟಲೆ ಮೊಳೆ-ಸ್ಕ್ರೂ ಎಲ್ಲ ಹಾಗೇ ಇವೆ. ಹಲಸಿನ ಮರದಲ್ಲಿ ದೇವರ ಮಂಟಪ ಶುರು ಮಾಡಿದ್ದರು, ಅದೂ ಅರ್ಧಕ್ಕೆ ನಿಂತಿದೆ. ಮಗ "ಎಲ್ಲ ಗುಜರಿಗೆ ಹಾಕಮ್ಮ" ಅನ್ನುತ್ತಾನೆ. ನಾದಿನಿಯವರು, ಹೋದವರ ಕಬ್ಬಿಣ ಮನೆಯಲ್ಲಿಟ್ಟರೂ ದೋಷ, ಯಾರಿಗಾದರೂ ಕೊಟ್ಟರೂ ದೋಷ ಅನ್ನುತ್ತಾರೆ. ಮುಂದಿನ ತಿಂಗಳು ಆಯುಧಪೂಜೆ. ನಾನು ಪೂಜೆ ಮಾಡಬಹುದೆ? ಅವರಿದ್ದಾಗ "ಈ ಕಸ ಎಲ್ಲ ಎತ್ತಿ ಬಿಸಾಕಿ" ಅಂತ ದಿನಾ ಗೊಣಗುತ್ತಿದ್ದೆ. ಈಗ ಒಂದು ತುಕ್ಕು ಹಿಡಿದ ಮೊಳೆ ಎಸೆಯಲೂ ಕೈ ಬರುತ್ತಿಲ್ಲ.
– ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಯಿ, ಮೊದಲು ದೋಷದ ಮಾತು ಮುಗಿಸಿಬಿಡೋಣ. ಆಶೌಚ ಇರುವುದು ಮನುಷ್ಯರಿಗೆ, ಅದೂ ಗೊತ್ತಾದ ದಿನಗಳವರೆಗೆ. ಹದಿಮೂರನೆಯ ದಿನ ಶುಭಸ್ವೀಕಾರ ಆದ ಮೇಲೆ ಮನೆ ಶುದ್ಧ. ಶೆಡ್ಡಿನಲ್ಲಿದ್ದ ಉಳಿಗೆ ಏಳು ತಿಂಗಳು ಅಂಟಿಕೊಂಡಿರುವ ಮೈಲಿಗೆ ಅಂತ ಒಂದಿಲ್ಲ. ಕೊನೆಗಾಲದಲ್ಲಿ ಬಳಸಿದ ಹಾಸಿಗೆ-ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದ ರೂಢಿ ಹಲವು ಕಡೆ ಇದೆ. ಅದನ್ನೇ ಎಳೆದು ಎಲ್ಲ ವಸ್ತುಗಳಿಗೂ ಹಚ್ಚುವುದು ಸರಿಯಲ್ಲ.

ಇನ್ನು ಕಬ್ಬಿಣ ಕೊಡಬಾರದು ಎಂಬುದು. ಗರುಡ ಪುರಾಣದಲ್ಲಿ ಹೋದವರ ಸದ್ಗತಿಗಾಗಿ ಹೇಳಿರುವ ಎಂಟು ದಾನಗಳು ಇವು: ಎಳ್ಳು, ಕಬ್ಬಿಣ, ಚಿನ್ನ, ಹತ್ತಿ, ಉಪ್ಪು, ಏಳು ಬಗೆಯ ಧಾನ್ಯ, ಭೂಮಿ, ಗೋವು. ಎರಡನೆಯ ಹೆಸರೇ ಕಬ್ಬಿಣದ್ದು. ನಾದಿನಿಯವರಿಗೆ ಇದನ್ನು ಜಗಳವಾಗದ ಹಾಗೆ ಹೇಳಿ. ಅಣ್ಣನನ್ನು ಕಳೆದುಕೊಂಡವರು ಅವರೂ. ದುಃಖ ಎಷ್ಟೋ ಸಲ ಭಯದ ವೇಷ ಹಾಕಿಕೊಂಡು ಬರುತ್ತದೆ.

ಆದರೆ ನಿಮ್ಮ ನಿಜವಾದ ಪ್ರಶ್ನೆ ಪತ್ರದ ಕೊನೆಯ ಸಾಲಿನಲ್ಲಿದೆ ಅಂತ ನನಗೆ ಅನ್ನಿಸಿತು. ಅವರ ವಸ್ತು ಎಸೆದರೆ ಅವರನ್ನೇ ಎಸೆದಂತೆ ಆಗುತ್ತದೆಯೆ? ಇಟ್ಟುಕೊಂಡರೆ ಅದು ಗೌರವವೋ, ಬಿಡಲಾರದ ಮೋಹವೋ?

ಇದಕ್ಕೆ ಉತ್ತರ ಶೆಡ್ಡಿನಲ್ಲೇ ಸಿಗುತ್ತದೆ. ಮಗನನ್ನೂ ಕರೆದುಕೊಂಡು ಒಂದು ಭಾನುವಾರ ಬಾಗಿಲು ತೆಗೆಯಿರಿ. ಮೊದಲ ಕೆಲಸ, ಅಲ್ಲಿ ಬೇರೆಯವರದ್ದು ಏನಿದೆ ಅಂತ ನೋಡುವುದು. ರಿಪೇರಿ ಮಾಡುತ್ತಿದ್ದವರ ಬಳಿ ಪಕ್ಕದ ಮನೆಯ ಮಿಕ್ಸಿ, ಯಾರದೋ ಇಸ್ತ್ರಿಪೆಟ್ಟಿಗೆ, ಸ್ನೇಹಿತರಿಂದ ತಂದ ಸ್ಪ್ಯಾನರ್ ಇದ್ದೇ ಇರುತ್ತವೆ. ಪಾಪ, ನೀವು ದುಃಖದಲ್ಲಿದ್ದೀರಿ ಅಂತ ಅವರು ಕೇಳಿರುವುದಿಲ್ಲ. ಅವನ್ನು ಮನೆಮನೆಗೆ ಹೋಗಿ ಹಿಂದಿರುಗಿಸಿ. ಹೋದವರ ಋಣ ತೀರಿಸುವುದು ಅಂದರೆ ತರ್ಪಣ ಒಂದೇ ಅಲ್ಲ, ಇದೂ ಹೌದು. ತನ್ನದಲ್ಲದ್ದನ್ನು ದಾನ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯದು, ಮಕ್ಕಳನ್ನು ಕೇಳುವುದು. ಅಪ್ಪನ ಕೈಯಲ್ಲಿ ನೋಡಿದ ಒಂದು ಸುತ್ತಿಗೆ ಮಗಳಿಗೋ ಮಗನಿಗೋ ಬೇಕಿರಬಹುದು. ಗುಜರಿಗೆ ಹಾಕು ಅಂದ ಮಗನೇ ಒಂದು ಡಬ್ಬಿ ಎತ್ತಿ ಸುಮ್ಮನೆ ನಿಂತರೆ ಆಶ್ಚರ್ಯಪಡಬೇಡಿ.

ಆಮೇಲೆ ದಾನ. ಇಲ್ಲಿ ಕಠೋಪನಿಷತ್ತಿನ ನಚಿಕೇತನನ್ನು ನೆನೆಯಿರಿ. ಅಪ್ಪ ಯಜ್ಞದಲ್ಲಿ ಕೊಡುತ್ತಿದ್ದ ಹಸುಗಳು ಹಾಲು ಬತ್ತಿ, ಹುಲ್ಲು ತಿನ್ನಲೂ ಆಗದಷ್ಟು ಮುದಿಯಾಗಿದ್ದವು. ಇಂಥದ್ದನ್ನು ಕೊಟ್ಟು ಯಾವ ಪುಣ್ಯ ಅಂತ ಆ ಹುಡುಗ ಕಳವಳಪಟ್ಟ. ನಾವೂ ಅದನ್ನೇ ಮಾಡುತ್ತೇವೆ. ನಮಗೆ ಬೇಡದ ಕಸವನ್ನು ಬಡವರಿಗೆ ಕೊಟ್ಟು ದಾನ ಅನ್ನುತ್ತೇವೆ. ಹಲ್ಲು ಮುರಿದ ಗರಗಸ, ವೈರು ಸುಟ್ಟ ಮಷಿನ್ ಇವನ್ನು ಧಾರಾಳವಾಗಿ ಗುಜರಿಗೆ ಹಾಕಿ. ಅದರಲ್ಲಿ ಪಾಪವಿಲ್ಲ, ಕಬ್ಬಿಣ ಕರಗಿ ಮತ್ತೆ ಕಬ್ಬಿಣವೇ ಆಗುತ್ತದೆ. ಹಳೆಯ ಪೇಂಟು, ಥಿನ್ನರ್ ಮಾತ್ರ ಮೋರಿಗೆ ಸುರಿಯಬೇಡಿ.

ಒಳ್ಳೆಯ ಉಪಕರಣಗಳ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ತೆಳ್ಳಗೆ ಮಷಿನ್ ಎಣ್ಣೆ ಸವರಿ, ಬಳಸುವವರ ಕೈಗೆ ಕೊಡಿ. ದೇಶ, ಕಾಲ, ಪಾತ್ರ ನೋಡಿ ಕೊಟ್ಟದ್ದೇ ಸಾತ್ತ್ವಿಕ ದಾನ ಅಂತ ಗೀತೆಯ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಉಳಿಗೆ ಪಾತ್ರ ಯಾರು? ಮರಗೆಲಸ ಕಲಿಯುತ್ತಿರುವ ಹುಡುಗ. ಐಟಿಐನಲ್ಲಿ ಓದುವ ಪಕ್ಕದ ಬೀದಿಯ ಮಗು. ಹಣದ ಅಗತ್ಯವಿದ್ದರೆ ನ್ಯಾಯವಾದ ಬೆಲೆಗೆ ಮಾರಿ, ಅದಕ್ಕೂ ಸಂಕೋಚ ಬೇಡ.

ಇಟ್ಟುಕೊಳ್ಳುವುದಾದರೆ ಬಳಸುವುದನ್ನು ಇಟ್ಟುಕೊಳ್ಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯ ಹಳೆ ಸೀರೆ ಕೌದಿಯಾಗುತ್ತದೆ. ಮೊಮ್ಮಕ್ಕಳು ಅದನ್ನು ಹೊದ್ದು ಮಲಗುತ್ತವೆ. ಪೆಟ್ಟಿಗೆಯಲ್ಲೇ ಮಡಿಸಿಟ್ಟ ಸೀರೆಯನ್ನು ನುಸಿ ತಿನ್ನುತ್ತದೆ. ಮೋಹಕ್ಕೂ ಗೌರವಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಒಂದು ಸ್ಕ್ರೂಡ್ರೈವರ್, ಒಂದು ಇಕ್ಕಳ, ಒಂದು ಸುತ್ತಿಗೆ ಅಡುಗೆಮನೆಯ ಡ್ರಾಯರ್‌ನಲ್ಲಿರಲಿ. ನಲ್ಲಿ ಸೋರಿದಾಗ ನೀವೇ ಕೈಗೆ ತೆಗೆದುಕೊಳ್ಳಿ.

ಮಂಟಪವನ್ನು ಅರ್ಧಕ್ಕೆ ಬಿಡಬೇಡಿ. ಒಬ್ಬರು ಹಿಡಿದ ವ್ರತವನ್ನು ಅವರ ಪರವಾಗಿ ಹೆಂಡತಿಯೋ ಮಗನೋ ನಡೆಸಬಹುದು ಅಂತ ಧರ್ಮಶಾಸ್ತ್ರ ಒಪ್ಪುತ್ತದೆ. ಆ ನ್ಯಾಯ ಇದಕ್ಕೂ ಸಲ್ಲುತ್ತದೆ. ತಿಳಿದ ಬಡಗಿಯನ್ನು ಕರೆಸಿ ಮುಗಿಸಿ. ಅವರು ಕೊರೆದ ಭಾಗವನ್ನು ತಿದ್ದಿ ನಯ ಮಾಡುವುದು ಬೇಡ ಅಂತ ಹೇಳಿ. ಎರಡು ಕೈಗಳ ಕೆಲಸ ಬೇರೆಬೇರೆಯಾಗಿ ಕಂಡರೆ ದೇವರಿಗೇನೂ ಬೇಸರವಿಲ್ಲ.

ಆಯುಧಪೂಜೆ ನೀವೇ ಮಾಡಿ. ಮೊದಲ ವರ್ಷ ಹಬ್ಬದ ಸಡಗರ ಬೇಡ ಎಂಬ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಸಡಗರ ಬಿಡಿ, ಪೂಜೆ ಬಿಡಬೇಕಿಲ್ಲ. ಒರೆಸಿ, ಗಂಧ-ಅಕ್ಷತೆ, ಒಂದು ಹೂವು, ದೀಪ ಸಾಕು. ಗಂಡನಿಲ್ಲದ ಹೆಣ್ಣು ಪೂಜೆಗೆ ಕೈ ಹಾಕಬಾರದು ಅಂತ ಯಾರಾದರೂ ಅಂದರೆ, ಅವರಿಗೆ ಉತ್ತರ ಕೊಡುವ ಹೊರೆಯನ್ನು ನೀವು ಹೊರಬೇಡಿ. ದಿನವೂ ದೇವರ ಮುಂದೆ ದೀಪ ಹಚ್ಚುವ ಕೈ ಅಂದು ಹಚ್ಚಿದರೆ ತಪ್ಪಾಗುವುದು ಹೇಗೆ?

ಗೊಣಗಿದ ವಿಷಯ. ಅವರು ಅದನ್ನು ಕೇಳಿಸಿಕೊಂಡೂ ಮರುದಿನ ಮತ್ತೆ ಶೆಡ್ಡಿಗೆ ಹೋಗುತ್ತಿದ್ದರಲ್ಲ? ಅಂದರೆ ಆ ಮಾತನ್ನು ಅವರು ಎಷ್ಟು ತೂಕಕ್ಕೆ ತೆಗೆದುಕೊಂಡಿದ್ದರು ಅಂತ ನಿಮಗೇ ಗೊತ್ತು. ಇದಕ್ಕೆ ಪ್ರಾಯಶ್ಚಿತ್ತ ಬೇಕೇ ಬೇಕು ಅನ್ನಿಸಿದರೆ, ನವಮಿಯ ದೀಪಕ್ಕೆ ಅಂಗಡಿಯ ಬತ್ತಿ ತರಬೇಡಿ. ಹಿಂದಿನ ಸಂಜೆ ಶೆಡ್ಡಿನ ಬಾಗಿಲಲ್ಲಿ ಕೂತು ನಿಮ್ಮ ಕೈಯಿಂದಲೇ ಹೂಬತ್ತಿ ಹೊಸೆಯಿರಿ. ಆ ಎಂಟು ದಾನಗಳಲ್ಲಿ ಕಬ್ಬಿಣದ ಜೊತೆ ಹತ್ತಿಯೂ ಇದೆ.