ಹೊಗೆಯಿಲ್ಲದ ಚಟವೂ ಶ್ರಾವಕನ ನಿಯಮವೂ



ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ನಿರೂಪಿಸುವಾಗ ತ್ಯಾಗವು ಎರಡು ಬಗೆಯೆಂದು ತಿಳಿಸಿರುವರು. ಇಷ್ಟು ಕಾಲದವರೆಗೆ ಎಂದು ಗೊತ್ತುಪಡಿಸಿಕೊಂಡು ಬಿಡುವುದು ನಿಯಮ. ಬದುಕಿರುವವರೆಗೂ ಬಿಡುವುದು ಯಮ. ಗೃಹಸ್ಥನ ಶಕ್ತಿ ಪರಿಮಿತವಾದುದು. ಎಲ್ಲವನ್ನೂ ಒಂದೇ ದಿನ ಬಿಡೆಂದು ಶಾಸ್ತ್ರವು ಅವನನ್ನು ಬಲವಂತಪಡಿಸುವುದಿಲ್ಲ. ಆದರೆ ನಿಯಮವು ಯಮದ ಕಡೆಗೆ ಏರುವ ಮೆಟ್ಟಿಲು. ಮೆಟ್ಟಿಲ ಮೇಲೆಯೇ ಹಾಸಿಗೆ ಹಾಸಿ ಮಲಗಿದವನು ಮಾಳಿಗೆಯನ್ನು ಸೇರಲಾರನು. ಧೂಮಪಾನವನ್ನು ಕಡಿಮೆ ಮಾಡುವೆನೆಂದು ಇ-ಸಿಗರೇಟನ್ನು ಹಿಡಿದಿರುವವರ ವಿಷಯದಲ್ಲಿ ಈ ಮಾತನ್ನು ಇಂದು ವಿಚಾರಿಸೋಣ.

ಹೊಗೆಸೊಪ್ಪಿನ ಹೆಸರು ನಮ್ಮ ಪ್ರಾಚೀನ ಶ್ರಾವಕಾಚಾರಗಳಲ್ಲಿಲ್ಲ. ಅಮೇರಿಕಾ ಖಂಡದ ಆ ಗಿಡವನ್ನು ಪೋರ್ತುಗೀಜರು ಭಾರತಕ್ಕೆ ತಂದದ್ದು ಆ ಆಚಾರ್ಯರ ಕಾಲಕ್ಕೆ ಎಷ್ಟೋ ಶತಮಾನಗಳ ಅನಂತರ. ಸಪ್ತವ್ಯಸನಗಳಲ್ಲಿ ಅದು ಸೇರಿಲ್ಲವೆಂದು ಕೆಲವರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಪರಿಮಾಣವ್ರತದ ಪ್ರಕರಣದಲ್ಲಿ, ಜೀವಘಾತವಾಗುವ ಮತ್ತು ಪ್ರಮಾದವನ್ನುಂಟುಮಾಡುವ ವಸ್ತುಗಳನ್ನಷ್ಟೇ ಅಲ್ಲದೆ, ದೇಹಕ್ಕೆ ಅಹಿತವಾದ ಅನಿಷ್ಟವನ್ನೂ ಶಿಷ್ಟರಿಗೆ ಸಲ್ಲದ ಅನುಪಸೇವ್ಯವನ್ನೂ ತ್ಯಜಿಸಬೇಕೆಂದು ವಿಧಿಸಲಾಗಿದೆ. ಹೆಸರಿಲ್ಲದಿದ್ದರೂ ಲಕ್ಷಣವಿದೆ; ಲಕ್ಷಣವು ಹೊಂದಿದಲ್ಲಿ ವಿಧಿಯೂ ಹೊಂದುವುದು.

ಇ-ಸಿಗರೇಟನ್ನು ಇಂದಿನ ರೂಪಕ್ಕೆ ತಂದವನು ಚೀನಾ ದೇಶದ ಔಷಧಶಾಸ್ತ್ರಜ್ಞ ಹೊನ್ ಲಿಕ್, ಕಾಲ 2003. ಅದರಲ್ಲಿ ಎಲೆಯಿಲ್ಲ, ಕಿಡಿಯಿಲ್ಲ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ಸಾಮಾನ್ಯವಾಗಿ ನಿಕೊಟಿನ್ ಬೆರೆತ ದ್ರವವನ್ನು, ಬ್ಯಾಟರಿಯಿಂದ ಕಾಯುವ ತಂತಿಯ ಸುರುಳಿಯೊಂದು ಆವಿಯಾಗಿಸುತ್ತದೆ. ಸೇದುವವನು ಅದನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾನೆ. “ಬೆಂಕಿಯಿಲ್ಲದ ಮೇಲೆ ಅಗ್ನಿಕಾಯಿಕ ಜೀವಗಳ ಹಿಂಸೆಯಿಲ್ಲ, ಹೊಗೆಯಿಲ್ಲದ ಮೇಲೆ ಧೂಮಪಾನವೂ ಅಲ್ಲ. ದಿನಕ್ಕೆ ಇಪ್ಪತ್ತು ಸಿಗರೇಟಿನಿಂದ ಐದಕ್ಕೆ ಇಳಿದಿದ್ದೇನೆ, ಇದೂ ಪರಿಮಾಣವಲ್ಲವೇ?” ಎಂದು ತರುಣರು ಕೇಳುವರು. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಹಾಗೆಯೇ ಇರಬೇಕು.

ಮೊದಲು ಅನುಕೂಲವಾದುದನ್ನು ಮರೆಮಾಚದೆ ಹೇಳೋಣ. ಎಲೆ ಉರಿಯುವುದರಿಂದ ಹುಟ್ಟುವ ಟಾರು ಮತ್ತು ಇಂಗಾಲದ ಮಾನಾಕ್ಸೈಡು ಈ ಆವಿಯಲ್ಲಿ ಇಲ್ಲವೆಂಬಷ್ಟು ಕಡಿಮೆ. ಇಂಗ್ಲೆಂಡಿನಲ್ಲಿ 886 ಮಂದಿ ಧೂಮಪಾನಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಒಂದು ವರ್ಷದ ಅನಂತರ ಸಿಗರೇಟನ್ನು ಬಿಟ್ಟಿದ್ದವರು ಇ-ಸಿಗರೇಟಿನ ಗುಂಪಿನಲ್ಲಿ ನೂರಕ್ಕೆ 18. ನಿಕೊಟಿನ್ ಪಟ್ಟಿ, ಗಮ್ ಮುಂತಾದ ಔಷಧಗಳ ಗುಂಪಿನಲ್ಲಿ ನೂರಕ್ಕೆ 9.9. ಆದರೆ ಅದೇ ಪರೀಕ್ಷೆಯ ಇನ್ನೊಂದು ಲೆಕ್ಕವನ್ನು ನೋಡಿರಿ. ಹೀಗೆ ಬಿಟ್ಟವರ ಪೈಕಿ ಮೊದಲ ಗುಂಪಿನ ನೂರಕ್ಕೆ 80 ಮಂದಿ ವರ್ಷ ಕಳೆದ ಮೇಲೂ ಇ-ಸಿಗರೇಟನ್ನು ಸೇದುತ್ತಲೇ ಇದ್ದರು. ಎರಡನೆಯ ಗುಂಪಿನಲ್ಲಿ ಔಷಧವನ್ನು ಬಿಡದೆ ಉಳಿದವರು ನೂರಕ್ಕೆ 9 ಮಾತ್ರ. ಊರುಗೋಲೇ ಕಾಲಾಗಿ ನಿಂತಿತು.

ಇನ್ನು ಎರಡನ್ನೂ ಸೇದುತ್ತ “ಕಡಿಮೆ ಮಾಡಿದ್ದೇನೆ” ಎನ್ನುವವರ ಗತಿಯೇನು? 2017ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂಥವರ ಮೂತ್ರವನ್ನೂ ಲಾಲಾರಸವನ್ನೂ ಪರೀಕ್ಷಿಸಿದರು. ಕ್ಯಾನ್ಸರ್‌ಕಾರಕ ವಿಷಗಳು ಬಹಳ ಇಳಿದದ್ದು ಸಿಗರೇಟನ್ನು ಪೂರ್ತಿ ಬಿಟ್ಟವರಲ್ಲಿ. ಎರಡನ್ನೂ ಬಳಸುವವರಲ್ಲಿ ಅವು ಬಹುಮಟ್ಟಿಗೆ ಸಿಗರೇಟು ಸೇದುವವರಲ್ಲಿದ್ದಷ್ಟೇ ಇದ್ದುವು. ಎಣಿಕೆಯನ್ನು ಇಳಿಸಿದವನು ಉಳಿದ ಪ್ರತಿಯೊಂದನ್ನೂ ಹೆಚ್ಚು ಆಳವಾಗಿ, ತುದಿಯವರೆಗೂ ಎಳೆಯುವುದು ಸಾಮಾನ್ಯ. ಹೃದಯದ ಲೆಕ್ಕವಂತೂ ಇನ್ನೂ ಕಠಿಣ. ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ, ಇಪ್ಪತ್ತು ಸೇದುವವನಿಗೆ ಒದಗುವ ಹೃದ್ರೋಗದ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟು ಇರುವುದೆಂದು, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವರದಿಯೊಂದು ತಿಳಿಸಿತು. ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿದರೂ ಅಪಾಯವು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯದು. ಆವಿಯೂ ನಿರ್ದೋಷಿಯಲ್ಲ: ನಿಕೊಟಿನ್ ನಾಡಿಯ ವೇಗವನ್ನೂ ರಕ್ತದ ಒತ್ತಡವನ್ನೂ ಏರಿಸುವುದು, ಕಾದ ದ್ರವದಿಂದ ಫಾರ್ಮಾಲ್ಡಿಹೈಡ್ ಹುಟ್ಟುವುದು, ಸುರುಳಿಯಿಂದ ಲೋಹದ ಕಣಗಳು ಸೇರುವುವು.

ಆದುದರಿಂದ, ಪೂರ್ಣತ್ಯಾಗದ ದಿನವನ್ನು ಗೊತ್ತುಮಾಡದ ಇಳಿಕೆಯು ಪರಿಮಾಣವೆನಿಸದು. ಸಮಂತಭದ್ರರು ಈ ವ್ರತಕ್ಕೆ ಹೇಳಿದ ಐದು ಅತೀಚಾರಗಳನ್ನು ನೆನೆಯಿರಿ: ವಿಷಯವೆಂಬ ವಿಷದಲ್ಲಿ ಆದರವನ್ನು ಬಿಡದಿರುವುದು, ಅನುಭವಿಸಿದುದನ್ನು ಮತ್ತೆ ಮತ್ತೆ ಸ್ಮರಿಸುವುದು, ಇದ್ದುದರಲ್ಲಿ ಅತಿಲೌಲ್ಯ, ಬರುವುದಕ್ಕಾಗಿ ಅತಿತೃಷೆ, ಅತಿಯಾದ ಅನುಭವ. ಗಳಿಗೆಗೊಮ್ಮೆ ಜೇಬನ್ನು ಮುಟ್ಟಿನೋಡುವ ಚಟಗಾರನಲ್ಲಿ ಈ ಐದೂ ಇಲ್ಲವೇ? ಬೆಂಕಿ ಆರಿತು, ರಾಗವು ಆರಲಿಲ್ಲ. ಉಪವಾಸದ ದಿನ “ಇದು ಅನ್ನವಲ್ಲ, ನೀರಲ್ಲ, ಬರಿಯ ಆವಿ” ಎನ್ನುವವರಿಗೂ ಅದೇ ಗ್ರಂಥದಲ್ಲಿ ಉತ್ತರವಿದೆ. ಉಪವಾಸದಂದು ಪುಷ್ಪ, ಗಂಧ, ಅಂಜನಗಳೊಡನೆ ನಸ್ಯವನ್ನೂ ಬಿಡಬೇಕೆಂದು ಅಲ್ಲಿ ಹೇಳಿದೆ. ಮೂಗಿನಿಂದ ಸೇದುವ ನಸ್ಯವೇ ಸಲ್ಲದಾದಾಗ ಬಾಯಿಂದ ಎಳೆಯುವ ಆವಿ ಸಂದೀತೆ?

ಮತ್ತೊಂದು ದೋಷವೂ ಉಂಟು. ಕರ್ನಾಟಕ ಸರಕಾರವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯಿದೆಯು ಇಡೀ ದೇಶದಲ್ಲಿ ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಲ್ಲಿಸಿತು. ಇಲ್ಲಿ ಅದು ದೊರೆಯುವುದು ಕಳ್ಳಸಾಗಣೆಯಿಂದಲೇ. ಅಚೌರ್ಯಾಣುವ್ರತದ ಅತೀಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ತತ್ತ್ವಾರ್ಥಸೂತ್ರವು ಎಣಿಸಿದೆಯೆಂಬುದನ್ನು ಸ್ವಾಧ್ಯಾಯಿಗಳು ಬಲ್ಲರು. ಒಂದು ಚಟವನ್ನು ಕಡಿಮೆ ಮಾಡಲು ಹೋಗಿ ಮತ್ತೊಂದು ವ್ರತಕ್ಕೆ ಮಲಿನತೆ ತಂದುಕೊಳ್ಳುವುದು ವಿವೇಕವಲ್ಲ.

ಹಾಗಾದರೆ ಮಾಡತಕ್ಕದ್ದೇನು? ಅಷ್ಟಮಿ-ಚತುರ್ದಶಿಗಳಲ್ಲಿ ಪೂರ್ತಿ ಬಿಡುವ ನಿಯಮದಿಂದ ಆರಂಭಿಸಿರಿ. ಆ ದಿನವೇ ಪೂರ್ಣತ್ಯಾಗದ ತಿಥಿಯನ್ನೂ ನಿಶ್ಚಯಿಸಿರಿ. ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣಪರ್ವವು ಇದಕ್ಕೆ ಯೋಗ್ಯವಾದ ಕಾಲ. ನಿಕೊಟಿನ್ ಬಿಟ್ಟವನ ಕಳವಳ, ಸಿಡುಕು, ನಿದ್ರಾಭಂಗಗಳು ಮೊದಲ ಕೆಲವು ದಿನಗಳಲ್ಲಿ ಅತ್ಯಧಿಕವಾಗಿದ್ದು, ಕೆಲವೇ ವಾರಗಳಲ್ಲಿ ತಗ್ಗುವುವು. ಆ ಕಠಿಣವಾದ ದಿನಗಳನ್ನು ಪರ್ವದ ವಾತಾವರಣವೇ ದಾಟಿಸುವುದು. ಒಂದೊಂದು ಬಯಕೆಯ ಅಲೆ ನಿಲ್ಲುವುದು ಕೆಲವೇ ನಿಮಿಷ. ಅಷ್ಟು ಹೊತ್ತು ಣಮೋಕಾರ ಮಂತ್ರವನ್ನು ಜಪಿಸಿರಿ. ವೈದ್ಯರ ಸಲಹೆಯಂತೆ ಔಷಧ ಬೇಕಾದರೆ ಸಂಕೋಚಬೇಡ; ಮುಗಿಯುವ ದಿನವನ್ನು ಗೊತ್ತುಮಾಡಿಕೊಂಡ ಔಷಧವು ಚಟವಲ್ಲ, ಚಿಕಿತ್ಸೆ. 1800-11-2356 ಎಂಬ ಸರಕಾರಿ ದೂರವಾಣಿಯಲ್ಲಿ ಉಚಿತವಾಗಿ ಸಲಹೆ ದೊರೆಯುವುದು.

ಮನೆಯವರಿಗೂ ಒಂದು ಮಾತು. ಉಪಗೂಹನ ಮತ್ತು ಸ್ಥಿತಿಕರಣ ಸಮ್ಯಗ್ದರ್ಶನದ ಅಂಗಗಳು. ಜಾರಿದವನನ್ನು ಹತ್ತು ಜನರೆದುರು ಹಳಿದರೆ ಅವನು ಚಟವನ್ನು ಬಿಡನು, ಮರೆಯಲ್ಲಿ ಸೇದಲು ಕಲಿಯುವನು. ಕೈಹಿಡಿದು ಮತ್ತೆ ನಿಲ್ಲಿಸಿರಿ. ಪ್ರಾಯಶ್ಚಿತ್ತದೊಡನೆ ನಿಯಮವನ್ನು ಪುನಃ ಕೊಡಿಸಿರಿ.

ವಯಸ್ಸು ಮೀರಿತೆಂದು ಯಾರೂ ನಿರಾಶರಾಗಬೇಕಾಗಿಲ್ಲ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷಗಳ ಕಾಲ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 30ರಲ್ಲಿ ಬಿಟ್ಟವರು ಸುಮಾರು 10 ವರ್ಷ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟವರೂ 3 ವರ್ಷ ಆಯುಸ್ಸನ್ನು ಉಳಿಸಿಕೊಂಡರು. ಸ್ವಾಧ್ಯಾಯಕ್ಕೂ ದಾನಕ್ಕೂ ತಪಸ್ಸಿಗೂ ಒದಗುವ ಮೂರು ವರ್ಷಗಳ ಮನುಷ್ಯಜನ್ಮವು ಅಲ್ಪವಾದುದೇ? ಕಡಿಮೆ ಮಾಡುವುದು ಆರಂಭವಾಗಲಿ, ಅಂತ್ಯವಾಗದಿರಲಿ. ನಿಮ್ಮ ನಿಯಮವು ಯಮವಾಗಿ ಫಲಿಸಲಿ. ಸರ್ವರಿಗೂ ಮಂಗಳವಾಗಲಿ.